ದುರ್ಬೀನಿನ ಗುಡ್ಡಕ್ಕೆ ಹಿಂದಿನ ದಾರಿ

ಊರಿನ ಕಡೆಯಿಂದ ಗುಡ್ಡಕ್ಕೆ ಹತ್ತುವ ಮೆಟ್ಟಿಲುಗಳು ಒಟ್ಟು ಒಂಬೈನೂರ ಹದಿನೆಂಟು. ಮೂರು ಸಲ ಎಣಿಸಿದ್ದೇನೆ. ಒಮ್ಮೆ ಹದಿನೇಳು ಬಂತು, ಎರಡು ಸಲ ಹದಿನೆಂಟು. ಹದಿನೆಂಟನ್ನೇ ಬರೆದಿಟ್ಟುಕೊಂಡೆ.

ಚಿಕ್ಕಮಗಳೂರಿಗೆ ಬಂದ ಪರವೂರಿನವರು ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಜನ ಆ ಗುಡ್ಡದ ಕಡೆಗೇ ಕೈ ತೋರಿಸುತ್ತಿದ್ದರು. ತುದಿಯಲ್ಲಿ ನಾಲ್ಕು ಕಂಬದ ಕಲ್ಲಿನ ಮಂಟಪ. ಮಂಟಪದಲ್ಲಿ, ಭಾನುವಾರ ಬೆಳಿಗ್ಗೆ ಮಾತ್ರ, ಮೂರು ಕಾಲಿನ ಮೇಲೆ ನಿಲ್ಲಿಸಿದ ಹಿತ್ತಾಳೆಯ ದುರ್ಬೀನು. ಯುದ್ಧ ಶುರುವಾದಾಗ ತೋಟ ಮಾರಿ ಸ್ವದೇಶಕ್ಕೆ ಹೊರಟ ಒಬ್ಬ ಬಿಳಿಯ ದೊರೆ ಅದನ್ನು ಊರಿಗೆ ಬಿಟ್ಟುಹೋಗಿದ್ದ. ಏಳೆಂಟು ಜನ ದೊಡ್ಡ ಮನುಷ್ಯರು ಸೇರಿ ಮಂಟಪದ ಸಮಿತಿ ಎಂದು ಮಾಡಿಕೊಂಡು, ದುರ್ಬೀನು ನೋಡಿಕೊಳ್ಳಲು ನಮ್ಮಪ್ಪನನ್ನು ಇಟ್ಟರು.

ಅಪ್ಪ ಇಪ್ಪತ್ತಾರು ವರ್ಷ ಸರ್ವೆ ಪಾರ್ಟಿಯಲ್ಲಿ ಸರಪಳಿ ಹಿಡಿದವರು. ಮಲ್ಲಂದೂರಿನ ಕಾಡಿನಿಂದ ಕಳಸದ ಆಚೆಯವರೆಗೆ ಅವರು ಅಳೆಯದ ಗುಡ್ಡವಿಲ್ಲ. ಜೇಬಿನ ತುಂಬ ಹುಣಸೆ ಬೀಜ ಇಟ್ಟುಕೊಂಡು, ನೂರು ಹೆಜ್ಜೆಗೆ ಒಂದರಂತೆ ಬಲಗಡೆಯ ಜೇಬಿನಿಂದ ಎಡಗಡೆಗೆ ಹಾಕುತ್ತ ನಡೆಯುವುದನ್ನು ನನಗೂ ಕಲಿಸಿದ್ದರು. ಎಲ್ಲವನ್ನೂ ಎಣಿಸಿ, ದಿನ ಹಾಕಿ ಬರೆದಿಡುವ ಚಟ ನನಗೆ ಹತ್ತಿದ್ದು ಅಲ್ಲಿಂದಲೇ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿಯ, ಮೂಟೆ ಎಣಿಸುವ ಕೆಲಸ ಸಿಕ್ಕಿದ್ದಕ್ಕೂ ಆ ಚಟವೇ ಕಾರಣವಿರಬೇಕು. ಆಗ ನನಗೆ ಹದಿನೆಂಟು. ಈಗ ಇಪ್ಪತ್ತು.

ದುರ್ಬೀನಿನ ಕೆಲಸಕ್ಕೆ ಸಂಬಳ ಎನ್ನುವಂಥದ್ದೇನೂ ಇರಲಿಲ್ಲ. ಆದರೆ ಸರ್ವೆ ಬಿಟ್ಟ ಮೇಲೆ ಅಪ್ಪನನ್ನು ಜನ ಗುರುತು ಹಿಡಿದು ಮಾತಾಡಿಸುತ್ತಿದ್ದುದು ಅದೊಂದರಿಂದಲೇ. ಮರದ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ, ಎಂಟು ಗಂಟೆಗೆ ಸರಿಯಾಗಿ ದುರ್ಬೀನು ನಿಲ್ಲಿಸಬೇಕು. ಆಮೇಲೆ ಬಂದವರಿಗೆಲ್ಲ ತೋರಿಸಬೇಕು. ಸಂತೆ ಮೈದಾನ, ಕಾಫಿ ಒಣಗಿಸುವ ಕಣಗಳು, ಕಡೂರಿನ ಕಡೆಯ ಬಯಲು. "ಉಸಿರು ಬಿಡಬೇಡಿ, ಗಾಜು ಮಬ್ಬಾಗ್ತದೆ," ಎಂದು ಎಲ್ಲರಿಗೂ ಹೇಳುತ್ತಿದ್ದರು. ದೂರದಿಂದ ಬಂದವರು ಕೂಡ ಮೊದಲು ತಾವು ಇಳಿದುಕೊಂಡ ಮನೆ ಎಲ್ಲಿ ಕಾಣುತ್ತದೆ ಎಂದೇ ಕೇಳುತ್ತಿದ್ದರು. ಅಪ್ಪ ಬೇಸರವಿಲ್ಲದೆ ತಿರುಗಿಸಿ ಕೊಡುತ್ತಿದ್ದರು. ಪೆಟ್ಟಿಗೆಯನ್ನು ಮಾತ್ರ ನನ್ನ ಕೈಗೂ ಕೊಟ್ಟವರಲ್ಲ.

ಆ ವರ್ಷದ ಜನವರಿಯಲ್ಲಿ ಅಪ್ಪನ ಮೊಣಕಾಲು ಕೈಕೊಡಲು ಶುರುವಾಯಿತು. ನನ್ನ ಪುಸ್ತಕದಲ್ಲಿ ಹೀಗಿದೆ. ಮೊದಲನೇ ಭಾನುವಾರ: ಹತ್ತಲು ಒಂದು ಗಂಟೆ ಐದು ನಿಮಿಷ, ಕೂತದ್ದು ನಾಲ್ಕು ಸಲ. ಮೂರನೇ ಭಾನುವಾರ: ಒಂದು ಗಂಟೆ ಇಪ್ಪತ್ತೆಂಟು ನಿಮಿಷ, ಕೂತದ್ದು ಎಂಟು ಸಲ, ತಡ. ನಾಲ್ಕನೇ ಭಾನುವಾರ: ಒಂದು ಗಂಟೆ ಮೂವತ್ತೈದು, ಹನ್ನೊಂದು ಸಲ, ಮತ್ತೆ ತಡ. ಇನ್ನೂ ಬೇಗ ಹೊರಡುವ ಹಾಗಿರಲಿಲ್ಲ. ಮೆಟ್ಟಿಲಿನ ಎರಡೂ ಬದಿಗೆ ಲಂಟಾನದ ಪೊದೆ, ಅದರಲ್ಲಿ ಚಿರತೆ. ಬುಡದ ಮನೆಗಳಿಂದ ಎರಡು ಕರು ಹೋಗಿದ್ದವು. ಬೆಳಕು ಹರಿಯುವ ಮೊದಲು ಯಾರೂ ಆ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ.

ಸಮಿತಿಯ ಕಾರ್ಯದರ್ಶಿ ಜವಳಿ ಅಂಗಡಿಯ ಯಜಮಾನರು. ಜೇಬು ಗಡಿಯಾರ ಹಿಡಿದು ಮಂಟಪದಲ್ಲೇ ನಿಂತಿರುತ್ತಿದ್ದರು. ಎರಡನೇ ಸಲ ತಡವಾದ ದಿನ ಎಲ್ಲರೂ ಇಳಿದ ಮೇಲೆ ಅಪ್ಪನನ್ನು ಕರೆದರು.

"ನೋಡಿ, ನನಗೇನೂ ಇಲ್ಲ. ಸಮಿತಿಯವರು ಕೇಳ್ತಾರೆ. ಜನ ಅಷ್ಟು ದೂರದಿಂದ ಬಂದು ಖಾಲಿ ಮಂಟಪ ನೋಡ್ತಾ ನಿಂತ್ಕೋಬೇಕಾ?"

"ಇಲ್ಲ ಯಜಮಾನ್ರೇ. ಇನ್ನು ಹಾಗಾಗಲ್ಲ."

"ಮೂರನೇ ಸಲ ಆದ್ರೆ ಬೇರೆ ಯಾರಿಗಾದರೂ ಕೊಡಬೇಕಾಗ್ತದೆ. ತಪ್ಪು ತಿಳ್ಕೋಬೇಡಿ."

ಅಪ್ಪ ದುರ್ಬೀನಿನ ಗಾಜನ್ನು ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೂರನೇ ಸಲ ಆಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ ಎಂದು ನಾನು ಅಲ್ಲೇ ನಿರ್ಧರಿಸಿದೆ.

ಕ್ಯೂರಿಂಗ್ ವರ್ಕ್ಸಿನಿಂದ ಮೂರು ಮಧ್ಯಾಹ್ನ ರಜೆ ಕೇಳಿ ಗುಡ್ಡ ಸುತ್ತಿದೆ. ಮೊದಲನೇ ದಿನ ಉತ್ತರದ ದನದ ಹಾದಿ. ಉದುರು ಕಲ್ಲು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ. ಎರಡನೇ ದಿನ ಒಣಗಿದ ಹಳ್ಳ. ಎಂಟುನೂರು ಹೆಜ್ಜೆಗೆ ಬಂಡೆ ಅಡ್ಡ ಬಂತು. ಮೂರನೇ ದಿನ ಗುಡ್ಡದ ಹಿಂಬದಿಗೆ ಹೋದೆ. ಅಲ್ಲಿರುವುದು ಕಾಫಿ ತೋಟ. ಅದರೊಳಗಿನ ಗಾಡಿ ದಾರಿ ಗುಡ್ಡವನ್ನು ಬಳಸಿ ಬಳಸಿ ಏರಿ, ಮಂಟಪದ ಕೆಳಗಿನ ಹುಲ್ಲುಗಾವಲಿಗೆ ಮುಟ್ಟುತ್ತಿತ್ತು. ಎಲ್ಲೂ ದಮ್ಮು ಹತ್ತುವಂಥ ಏರಿಲ್ಲ. ಇಷ್ಟು ವರ್ಷ ಊರಿನ ಯಾರ ಕಣ್ಣಿಗೂ ಇದು ಬೀಳಲಿಲ್ಲವೇ ಎಂದುಕೊಂಡು, ಬೀಜ ಹಾಕುತ್ತ ಏರುತ್ತಿದ್ದೆ.

ಕೊನೆಯ ಕೊಯ್ಲು ನಡೆದಿತ್ತು. ಗಿಡಗಳ ನಡುವಿನಿಂದ ಒಬ್ಬಳು ಕೂಗಿದಳು, "ಎಂತ ಮಾರಾಯ, ಬೀಜ ಬಿತ್ತೋದು ನೆಲಕ್ಕೆ, ಜೇಬಿಗಲ್ಲ!"

ಇನ್ನೊಬ್ಬಳು, "ಬಿಡೇ, ಪೇಟೆಯೋರು. ಅವರ ಜೇಬಲ್ಲೇ ಬೆಳೀತದೆ," ಎಂದಳು. ಎಲ್ಲರೂ ನಕ್ಕರು. ನನಗೆ ಲೆಕ್ಕ ತಪ್ಪಿತು.

ನಗು ಕೇಳಿ ಮೇಸ್ತ್ರಿ ಬಂದರು. ಬಿಳಿ ಗಡ್ಡದ ಸಾಹೇಬರು. ಕೈಯಲ್ಲಿ ಕೊಡೆ, ಬಿಸಿಲಿದ್ದರೂ ಮಡಿಸಿಯೇ ಇತ್ತು. ಯಾರು, ಏನು ಎಂದು ಕೇಳಿದರು. ದುರ್ಬೀನಿನವರ ಮಗ ಎಂದೆ. ಕಾಲಿನ ವಿಷಯ, ಸಮಿತಿಯ ವಿಷಯ ಎಲ್ಲ ಹೇಳಿದೆ.

"ಅಯ್ಯೋ, ನನ್ನ ಮೊಮ್ಮಗನಿಗೆ ನಮ್ಮನೆ ಕೋಳಿ ತೋರಿಸಿದೋರು ಅವರೇ ಅಲ್ವಾ! ಗುಡ್ಡದ ಮೇಲಿಂದ ಕೋಳಿ ಕಂಡಿತು ಅಂತ ಆ ಹುಡುಗ ಮೂರು ದಿನ ನಿದ್ದೆ ಮಾಡ್ಲಿಲ್ಲ. ಕರ್ಕೊಂಡು ಬನ್ನಿ. ಭಾನುವಾರ ತೋಟದಲ್ಲಿ ಯಾರಿರ್ತಾರೆ?"

"ತೋಟದ ಯಜಮಾನ್ರನ್ನ ಕೇಳಬೇಡವಾ ಸಾಹೇಬ್ರೇ?"

"ಒಬ್ಬ ಮುದುಕ ನಡ್ಕೊಂಡು ಹೋಗೋದಕ್ಕೆ ಯಜಮಾನ್ರನ್ನ ಯಾಕೆ ಏಳಿಸ್ಬೇಕು? ನಾನಿಲ್ವಾ?"

ಫೆಬ್ರವರಿ ಮೊದಲನೇ ಭಾನುವಾರ ಅಪ್ಪನನ್ನು ಆ ದಾರಿಯಲ್ಲಿ ಕರೆದುಕೊಂಡು ಹೋದೆ. ಮೂರು ಸಾವಿರದ ನಾನೂರ ನಲವತ್ತು ಹೆಜ್ಜೆ. ಮೆಟ್ಟಿಲಿಗಿಂತ ಎಷ್ಟೋ ಉದ್ದ, ಆದರೆ ಏಳು ಗಂಟೆ ಮೂವತ್ತೆರಡಕ್ಕೆ ಮಂಟಪದಲ್ಲಿದ್ದೆವು. ಕಾರ್ಯದರ್ಶಿಗಳು ಇನ್ನೂ ಬಂದಿರಲಿಲ್ಲ. ಅಪ್ಪ ಕಂಬಕ್ಕೆ ಒರಗಿ, "ಒಳ್ಳೆ ಲೈನು ಹಿಡಿದಿದ್ದೀಯ," ಎಂದರು. ಸರ್ವೆಯವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಂದು ನನಗಾದ ಹೆಮ್ಮೆಯನ್ನು ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಎರಡನೇ ಭಾನುವಾರ ಮಂಜಿತ್ತು. ಚಪ್ಪಲಿಯ ಬಾರು ಕಟ್ಟಿಕೊಳ್ಳಲು ನಾನು ಹಿಂದೆ ಉಳಿದೆ. ಅಷ್ಟರಲ್ಲಿ ಅಪ್ಪ ಕವಲಿನಲ್ಲಿ ತಪ್ಪು ಸಾಲು ಹಿಡಿದು ಹೋಗಿಬಿಟ್ಟಿದ್ದರು. ಕಾಫಿ ತೋಟದಲ್ಲಿ ಎಲ್ಲ ಸಾಲೂ ಒಂದೇ ಥರ. ಹುಡುಕಿ ಕರೆತರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಮಂಟಪ ಮುಟ್ಟಿದಾಗ ಏಳು ಐವತ್ತೆಂಟು. ಎರಡು ನಿಮಿಷ ಉಳಿದಿತ್ತು. ಮುಂದಿನ ಭಾನುವಾರ ನನಗೆ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ, ಮೂಟೆ ಬರುವ ಕಾಲ. ಅಪ್ಪ ಒಬ್ಬರೇ ಹೋಗಬೇಕು.

ಶನಿವಾರ ಮಧ್ಯಾಹ್ನ ಸುಣ್ಣದ ಡಬ್ಬಿ, ತೆಂಗಿನ ನಾರಿನ ಕುಂಚ ತೆಗೆದುಕೊಂಡು ತೋಟಕ್ಕೆ ಹೋದೆ. ಮೇಸ್ತ್ರಿ ಇರಲಿಲ್ಲ. ಮಗಳ ನಿಕಾಹದ ಮಾತಿಗೆ ಮೂಡಿಗೆರೆಗೆ ಹೋಗಿದ್ದಾರೆ, ಬುಧವಾರ ಬರುತ್ತಾರೆ ಎಂದರು. ಬೇರೆ ಯಾರನ್ನೂ ನಾನು ಕೇಳಲಿಲ್ಲ. ಕವಲು ಇರುವಲ್ಲಿ, ಅಪ್ಪ ಕೂರಬೇಕಾದಲ್ಲಿ, ದಾರಿಯ ಪಕ್ಕದ ಮರಕ್ಕೆ ಎದೆಯೆತ್ತರದಲ್ಲಿ ಸುತ್ತಲೂ ಒಂದು ಸುಣ್ಣದ ಪಟ್ಟೆ ಬಳಿದೆ. ಎರಡು ಹಲಸು, ಮೂರು ಅತ್ತಿ, ಒಂದು ಮತ್ತಿ, ಐದು ಸಿಲ್ವರ್ ಓಕ್. ಒಟ್ಟು ಹನ್ನೊಂದು. ಅಪ್ಪನ ಜೊತೆ ಚಿಕ್ಕಂದಿನಲ್ಲಿ ಸರ್ವೆ ಕ್ಯಾಂಪಿಗೆ ಹೋದಾಗ ಕಂಡದ್ದು ಅದೇ. ಸುಣ್ಣದ ಪಟ್ಟೆ ಬಿದ್ದ ಮರವೆಂದರೆ ಅಳತೆಯ ಗುರುತು. ಅಳತೆ ಮುಗಿಯುವವರೆಗೆ ಅದರ ಒಂದು ಕೊಂಬೆಯನ್ನೂ ಯಾರೂ ಮುರಿಯುವಂತಿಲ್ಲ. ಸುಣ್ಣಕ್ಕೆ ಬೇರೆ ಅರ್ಥವೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಬೇಳೆಯಾಗಿ ಮೂಟೆ ಸೇರಿದ ಕಾಫಿ ನನಗೆ ಗೊತ್ತಿತ್ತು, ತೋಟ ಗೊತ್ತಿರಲಿಲ್ಲ.

ಭಾನುವಾರ ಅಪ್ಪ ಒಬ್ಬರೇ ಹೋಗಿ ಏಳೂವರೆಗೆ ಮುಟ್ಟಿದರು. ಸಂಜೆ ಬಂದು, "ಪಟ್ಟೆ ನೀಟಾಗಿ ಬಳಿದಿದ್ದೀಯ. ಸಾಹೇಬರನ್ನ ಕೇಳಿದೆ ತಾನೇ?" ಎಂದರು.

"ಹೂಂ," ಎಂದೆ. ಆ ಸುಳ್ಳಿಗೆ ಕಾರಣವೇ ಇರಲಿಲ್ಲ. ಅವರು ಖುಷಿಯಾಗಿದ್ದರು, ಅಷ್ಟೇ.

ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಮರಕಸಿ ಮಾಡುತ್ತಾರೆ. ಕಾಫಿ ಗಿಡಕ್ಕೆ ಬೇಕಾದಷ್ಟೇ ನೆರಳು ಉಳಿಸಿ, ಹೆಚ್ಚಾದ ಕೊಂಬೆಗಳನ್ನು ಸವರುತ್ತಾರೆ, ಹೆಚ್ಚಾದ ಮರಗಳನ್ನು ಉರುಳಿಸುತ್ತಾರೆ. ಯಾವ ಮರ ಹೋಗಬೇಕೆಂದು ತೋಟದ ಲೆಕ್ಕ ಬರೆಯುವ ರೈಟರು ಮೊದಲೇ ನೋಡಿ ಗುರುತು ಹಾಕುತ್ತಾನೆ. ಆ ಗುರುತು ಎದೆಯೆತ್ತರದಲ್ಲಿ ಸುತ್ತಲೂ ಒಂದು ಸುಣ್ಣದ ಪಟ್ಟೆ. ಮಂಗಳವಾರ ಮರ ಕಡಿಯುವವರು ಬಂದರು. ಹೊರಗಿನಿಂದ ಗುತ್ತಿಗೆಗೆ ಬಂದ ಜನ. ಪಟ್ಟೆ ಇದ್ದಲ್ಲೆಲ್ಲ ಕೊಡಲಿ ಹಾಕಿದರು. ಬುಧವಾರ ಸಂಜೆ ಮೇಸ್ತ್ರಿ ಮೂಡಿಗೆರೆಯಿಂದ ಬಂದು ಕೂಗಿ ನಿಲ್ಲಿಸುವ ಹೊತ್ತಿಗೆ ನನ್ನ ಹನ್ನೊಂದರಲ್ಲಿ ಒಂಬತ್ತು ಬಿದ್ದಿದ್ದವು. ಅವುಗಳ ಕೆಳಗೆ, ಮೊಗ್ಗು ಕಟ್ಟಿ ಹೂ ಅರಳಿಸುವ ಮಳೆಗೆ ಕಾಯುತ್ತಿದ್ದ ಅರವತ್ತನಾಲ್ಕು ಕಾಫಿ ಗಿಡ ನುಜ್ಜುಗುಜ್ಜಾಗಿದ್ದವು. ಈ ಸಂಖ್ಯೆ ನಾನು ಎಣಿಸಿದ್ದಲ್ಲ. ಜವಳಿ ಅಂಗಡಿಯಲ್ಲಿ ಕೇಳಿದ್ದು.

ಶುಕ್ರವಾರ ಸಂಜೆ ಅಪ್ಪನಿಗೆ ಆ ಜವಳಿ ಅಂಗಡಿಯಿಂದ ಕರೆ ಬಂತು. ನಾನೂ ಹೋದೆ. ತೋಟದ ಯಜಮಾನರೂ ಸಮಿತಿಯ ಒಬ್ಬ ಸದಸ್ಯರೇ. ಅಂಗಡಿಯ ಜಮಖಾನದ ಮೇಲೆ ಕಾರ್ಯದರ್ಶಿಗಳ ಪಕ್ಕ ಕೂತಿದ್ದರು. ನಮ್ಮನ್ನು ಕೂರಲು ಯಾರೂ ಹೇಳಲಿಲ್ಲ.

"ಮೇಸ್ತ್ರಿ ಎಲ್ಲ ಹೇಳಿದ," ಎಂದರು ಯಜಮಾನರು. "ನಾಲ್ಕು ವಾರದಿಂದ ನನ್ನ ತೋಟ ನಿಮಗೆ ರಾಜಬೀದಿ ಆಗಿದೆಯಂತೆ. ಇರ್ಲಿ. ಆ ಪಟ್ಟೆ ಯಾರು ಬಳಿದದ್ದು? ಅದು ಮಾತ್ರ ತನಗೆ ಗೊತ್ತಿಲ್ಲ ಅಂತಾನೆ."

ನಾಲ್ಕು ವಾರವಲ್ಲ, ಮೂರು. ಆ ಕ್ಷಣದಲ್ಲೂ ನನ್ನ ತಲೆಗೆ ಬಂದದ್ದು ಅದೇ.

ಅಪ್ಪ ನನ್ನ ಕಡೆ ತಿರುಗಿ ನೋಡಲಿಲ್ಲ. "ನಾನೇ ಬಳಿದೆ," ಎಂದರು.

"ನೀವಾ? ಅಷ್ಟು ವರ್ಷ ಗುಡ್ಡ ಕಾಡು ತಿರುಗಿದೋರು! ಸುಣ್ಣ ಬಳಿದ್ರೆ ಮರ ಕಡೀತಾರೆ ಅಂತ ಗೊತ್ತಿಲ್ವಾ?"

"ನಮ್ಮಲ್ಲಿ ಸುಣ್ಣ ಬಳಿದ ಮರನ ಮುಟ್ಟಬಾರದು ಅಂತಿತ್ತು."

ಯಜಮಾನರು ಕಾರ್ಯದರ್ಶಿಗಳ ಮುಖ ನೋಡಿ ನಕ್ಕರು. "ಕೇಳಿದ್ರಾ? ಮುಟ್ಟಬಾರದಂತೆ! ಒಂಬತ್ತು ಮರಕ್ಕೆ ಇವರು ರಕ್ಷೆ ಕಟ್ಟಿದ್ದಂತೆ." ಬಟ್ಟೆ ಅಳೆಯುತ್ತಿದ್ದ ಗುಮಾಸ್ತರೂ ನಕ್ಕರು.

ನಾನು ಮಾತಾಡಬೇಕಿತ್ತು. ಒಂದೇ ಮಾತು ಸಾಕಿತ್ತು. ಆದರೆ ಆ ಯಜಮಾನರ ಕಾಫಿ ಬರುತ್ತಿದ್ದುದು ನಮ್ಮ ಕ್ಯೂರಿಂಗ್ ವರ್ಕ್ಸಿಗೇ. ಅವರು ಒಂದು ಚೀಟಿ ಕಳಿಸಿದರೆ ನನ್ನ ಕೆಲಸ ಹೋಗುತ್ತಿತ್ತು. ಇದನ್ನೆಲ್ಲ ನಾನು ಯೋಚಿಸಿ ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಲ್ಲ. ಕಾಲ ಮುಂದೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ನೋಡುತ್ತಿದ್ದೆ.

ತೋಟದ ದಾರಿಗೆ ಮುಳ್ಳುತಂತಿಯ ಗೇಟು ಹಾಕಿಸುವುದಾಗಿ ಯಜಮಾನರು ಹೇಳಿದರು. ಕಾರ್ಯದರ್ಶಿಗಳು ದುರ್ಬೀನನ್ನು ಅಂದೇ ಕಿತ್ತುಕೊಳ್ಳಲಿಲ್ಲ. "ಮರದ ವಿಷಯ ಬೇರೆ, ಮಂಟಪದ ವಿಷಯ ಬೇರೆ," ಎಂದು ನ್ಯಾಯ ಹೇಳಿದರು. "ನಮ್ಮದು ಒಂದೇ ಮಾತು. ಭಾನುವಾರ, ಎಂಟು ಗಂಟೆ."

ದಾರಿಯಲ್ಲಿ, "ಅಪ್ಪ, ನಾನು..." ಎಂದು ಶುರು ಮಾಡಿದೆ.

"ಸುಮ್ನೆ ನಡಿ," ಎಂದರು.

ಮರುದಿನ ಶನಿವಾರ. ಬಸ್ಸು ನಿಲ್ಲುವಲ್ಲಿ ಮೇಸ್ತ್ರಿ ಟ್ರಂಕಿನ ಮೇಲೆ ಕೂತಿದ್ದರು. ಬಾಳೂರಿನ ಹತ್ತಿರ ಯಜಮಾನರಿಗೆ ಇನ್ನೊಂದು ತೋಟವಿದೆ, ಅಲ್ಲಿಗೆ ಕಳಿಸಿದ್ದರು, ಮೇಸ್ತ್ರಿಯಾಗಿ ಅಲ್ಲ, ಗೇಟು ಕಾಯಲು. ಮಗಳ ನಿಕಾಹದ ಮಾತು ಏನಾಯಿತೆಂದು ನಾನು ಕೇಳಲಿಲ್ಲ. ಪೆಟ್ರೋಲು ಸಿಗದ ಕಾಲ, ಡ್ರೈವರು ಬಸ್ಸಿನ ಹಿಂದಿನ ಇದ್ದಿಲಿನ ಒಲೆಗೆ ಗಾಳಿಚಕ್ರ ತಿರುಗಿಸುತ್ತಿದ್ದ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು.

"ಸಾಹೇಬ್ರೇ, ಅಪ್ಪ ಮಾಡಿದ್ದಕ್ಕೆ..." ಎಂದೆ. ಅವರ ಮುಂದೆಯೂ ಹಾಗೆಯೇ ಬಂತು ಮಾತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಪ್ಪ ಹಾದೀಲಿ ಬಿದ್ದ ಹಲಸಿನ ಹಣ್ಣನ್ನೂ ಕೇಳದೆ ಮುಟ್ಟೋರಲ್ಲ. ಪಟ್ಟೆ ಯಾರು ಬಳಿದದ್ದು ಅಂತ ನನಗೆ ಗೊತ್ತಿಲ್ವಾ? ಯಜಮಾನ್ರ ಹತ್ರ ನಾನು ಹೇಳ್ಲಿಲ್ಲ. ನೀವು ಹೇಳ್ತೀರಿ ಅಂದ್ಕೊಂಡಿದ್ದೆ."

ಪಕ್ಕದಲ್ಲಿದ್ದ ಅವರ ಹೆಂಡತಿ ಬುರ್ಖಾದೊಳಗಿಂದ, "ಬಿಡಿ, ಬಸ್ಸಿಗೆ ಹತ್ತಿ," ಎಂದರು.

ಭಾನುವಾರ ಬೆಳಕು ಹರಿಯುತ್ತಿದ್ದಂತೆ, ಆರು ಮೂವತ್ತೆಂಟಕ್ಕೆ, ಮೆಟ್ಟಿಲು ಹತ್ತಲು ಶುರು ಮಾಡಿದೆವು. ಪೆಟ್ಟಿಗೆ ಕೊಡಿ ಎಂದು ಎರಡು ಸಲ ಕೇಳಿದೆ. ಕೊಡಲಿಲ್ಲ. ನಾನೂರನೇ ಮೆಟ್ಟಿಲಿನವರೆಗೆ ಚೆನ್ನಾಗಿಯೇ ಬಂದರು. ಆಮೇಲೆ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲತೊಡಗಿದರು. ಬಲಗಾಲನ್ನು ಕೈಯಿಂದ ಎತ್ತಿ ಇಡುತ್ತಿದ್ದರು. ಗುಡ್ಡ ನೋಡಲು ಹೊರಟವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು.

"ಏನ್ ದುರ್ಬೀನ್ ತಾತ, ನಾವೇ ಹೋಗಿ ನಿಲ್ಲಿಸಿರ್ತೀವಿ ಬಿಡಿ!" ಎಂದು ಒಬ್ಬ ನಗೆಯಾಡಿದ. ಅಪ್ಪ ನಕ್ಕು ದಾರಿ ಬಿಟ್ಟರು.

ಆರುನೂರು ದಾಟಿದ ಮೇಲೆ ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಎಣಿಸುವುದನ್ನು ಬಿಡಲಾಗಲಿಲ್ಲ.

ಮಂಟಪ ಮುಟ್ಟಿದಾಗ ಎಂಟು ಇಪ್ಪತ್ತೊಂದು. ಹದಿನಾಲ್ಕು ಜನ ಕಾಯುತ್ತಿದ್ದರು. ಕಾರ್ಯದರ್ಶಿಗಳ ಪಕ್ಕದಲ್ಲಿ ಅವರ ಅಂಗಡಿಯ ಗುಮಾಸ್ತನೊಬ್ಬ, ಗಟ್ಟಿ ಕಾಲಿನ ಆಳು, ಆಗಲೇ ಬಂದು ನಿಂತಿದ್ದ. ತಡವಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಅಪ್ಪ ಯಾರೊಡನೆಯೂ ಮಾತಾಡದೆ ಪೆಟ್ಟಿಗೆ ಇಳಿಸಿದರು, ಮೂರು ಕಾಲು ಬಿಡಿಸಿದರು, ಗಾಜು ಒರೆಸಿದರು. ಮುಂದೆ ನಿಂತಿದ್ದ ಹೆಂಗಸಿಗೆ ಸಂತೆ ಮೈದಾನ ಹಿಡಿದುಕೊಟ್ಟು, "ಉಸಿರು ಬಿಡಬೇಡಿ ತಾಯಿ," ಎಂದರು. ಹೇಳುವಾಗ ಅವರೇ ಏದುಸಿರು ಬಿಡುತ್ತಿದ್ದರು. ಆಮೇಲೆ ಸೊಂಟದ ದಾರದಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿ, ಕಾರ್ಯದರ್ಶಿಗಳಿಗೆ ಕೊಡದೆ, ನೇರವಾಗಿ ಗುಮಾಸ್ತನ ಕೈಗೆ ಕೊಟ್ಟರು.

"ಮಳೆಗಾಲದಲ್ಲಿ ಒಳಗೆ ಕರ್ಪೂರ ಇಡಬೇಕು. ಇಲ್ದಿದ್ರೆ ಬೂಸ್ಟು ಹಿಡೀತದೆ."

"ತಪ್ಪು ತಿಳ್ಕೋಬೇಡಿ," ಎಂದರು ಕಾರ್ಯದರ್ಶಿಗಳು.

ಇಳಿಯುವಾಗ ಅರ್ಧ ದಾರಿಯಲ್ಲಿ ನಾನು ಹೇಳಿಯೇಬಿಟ್ಟೆ. "ನಾಳೆ ಹೋಗಿ ಯಜಮಾನ್ರಿಗೆ ನಿಜ ಹೇಳ್ತೀನಿ."

ಅಪ್ಪ ಮೆಟ್ಟಿಲ ಮೇಲೆ ಕೂತರು. ಕಾಲು ಚಾಚಿ ಮೊಣಕಾಲು ಒತ್ತಿಕೊಂಡರು. "ಹೇಳಿ ಎಂತ ಮಾಡ್ತೀಯ? ನನ್ನ ಕಾಲು ವಾಸಿ ಆಗ್ತದಾ? ಸಾಹೇಬರು ತಿರುಗಿ ಬರ್ತಾರಾ? ನಿನ್ನ ಕೆಲಸನೂ ಹೋಗ್ತದೆ, ಅಷ್ಟೇ." ಆಮೇಲೆ, "ಕೇಳಿದೆ ಅಂತ ನನಗೆ ಯಾಕೆ ಸುಳ್ಳು ಹೇಳ್ದೆ?" ಎಂದರು. ಅವರು ನನ್ನನ್ನು ಕೇಳಿದ್ದು ಅದೊಂದೇ, ಅದೂ ಒಂದೇ ಸಲ. ನಾನು ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ತೋಟದ ಯಜಮಾನರು ಮುಳ್ಳುತಂತಿಯ ಗೇಟು ತೆಗೆಸಿದರು. ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಸಂಸಾರ ಸಮೇತ ಗುಡ್ಡ ನೋಡಲು ಬರುವವರಿದ್ದರು. ಅವರ ಹೆಂಡತಿಗೆ ಮೆಟ್ಟಿಲು ಹತ್ತಲಾಗದಂತೆ. ಗಾಡಿ ದಾರಿಗೆ ಜಲ್ಲಿ ಹಾಕಿಸಿ, ಕವಲುಗಳಲ್ಲಿ ಕೈ ತೋರಿಸುವ ಹಲಗೆ ನೆಡಿಸಿದರು. ಅಧಿಕಾರಿ ಬಂದು ಹೋದ ಮೇಲೂ ದಾರಿ ತೆರೆದೇ ಉಳಿಯಿತು. ಈಗ ಊರಿನವರೆಲ್ಲ ಅಲ್ಲಿಂದಲೇ ಹತ್ತುತ್ತಾರೆ. ಯಜಮಾನರ ರಸ್ತೆ ಎಂದು ಅದಕ್ಕೆ ಹೆಸರು.

ಹೋದ ತಿಂಗಳು ಸೀಮೆಎಣ್ಣೆಗೆ ಸಾಲು ನಿಂತಿದ್ದಾಗ, ಮುಂದೆ ನಿಂತಿದ್ದ ಪರಿಚಯದವರೊಬ್ಬರು ಹಿಂದಿರುಗಿ ಅಪ್ಪನಿಗೆ ಹೇಳಿದರು, "ಹೊಸ ದಾರೀಲಿ ಹೋಗಿದ್ರಾ? ನಿಮ್ಮಂಥೋರಿಗೂ ಆಗ್ತದೆ. ಏರೇ ಗೊತ್ತಾಗಲ್ಲ. ಯಜಮಾನ್ರು ಎಷ್ಟು ಯೋಚನೆ ಮಾಡಿ ಹಾಕಿಸಿದ್ದಾರೆ ಅಂತೀರಿ!"

"ಹೌದಾ. ಒಳ್ಳೇದಾಯ್ತು," ಎಂದು ಅಪ್ಪ ಡಬ್ಬಿಯನ್ನು ಕಾಲಿನಿಂದ ಮುಂದೆ ಸರಿಸಿದರು.

ನಾನು ಅವರ ಹಿಂದೆಯೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.